ಐದನೆಯ ಹಲಗೆ

ನನ್ನ ಗಂಡ ಚೆಲುವರಾಯರು ಹೊಡೆದಿದ್ದ ಗುಂಡು ಹನ್ನೊಂದು ವರ್ಷದ ಮೇಲೆ ವಾಪಸ್ಸು ಬರುತ್ತಿದೆ ಎಂಬ ಸುದ್ದಿಯನ್ನು ನನಗೆ ಮೊದಲು ತಂದವನು ಬಸ್ ಕಂಡಕ್ಟರ್ ದೇವೇಂದ್ರ. ನಾನು ಕ್ಲಬ್ಬಿನ ಮೈದಾನದ ಮೂಲೆಯಲ್ಲಿ ಸ್ಟವ್ ಹಚ್ಚಿಕೊಂಡು ಮೈದಾ ಅಂಟು ಕಾಸುತ್ತಿದ್ದೆ. ಅವನು ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ, ಪ್ರಯಾಣಿಕರನ್ನು ಬಿಸಿಲಿಗೆ ಬಿಟ್ಟು, ಕಂಕುಳಲ್ಲಿ ಚೀಲ ಅವುಚಿಕೊಂಡು ಓಡಿ ಬಂದ.

“ವಾರಿಜಕ್ಕಾ, ನಿಮ್ಮೆಜಮಾನ್ರು ಬರ್ತಾ ಇದಾರೆ! ಪೂರ್ವದ ಸೇತುವೆ ಹತ್ರ ಇದಾರೆ. ಬಸ್ಸು ಹತ್ತಿ ಸಾರ್ ಅಂದ್ರೆ, ಗುಂಡು ಹತ್ತಲ್ವಲ್ಲಪ್ಪ, ನಾನೊಬ್ನೇ ಹೆಂಗೆ ಹತ್ಲಿ ಅಂದ್ರು.”

ಅವರು ಹೋದದ್ದು ಪಶ್ಚಿಮಕ್ಕೆ. ಪೂರ್ವದಿಂದ ಹೇಗೆ ಬಂದರು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕೇಳಬೇಕಾದ್ದು ಬೇರೆ ಬೇಕಾದಷ್ಟಿತ್ತು. ಸ್ಟವ್ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ನಮ್ಮೂರಿನಲ್ಲಿ ಗುಂಡು ನಿಧಾನ. ಪಿಸ್ತೂಲಿನಿಂದ ಹೊರಟದ್ದು ಎದೆಯ ಎತ್ತರದಲ್ಲಿ, ಅಂಬೆಗಾಲಿಡುವ ಕೂಸಿನ ವೇಗದಲ್ಲಿ, ನೆಟ್ಟಗೆ ಹೋಗುತ್ತದೆ. ದಿಣ್ಣೆ ಬಂದರೆ ಏರುತ್ತದೆ, ಹಳ್ಳ ಬಂದರೆ ಇಳಿಯುತ್ತದೆ, ಪಕ್ಕಕ್ಕೆ ಮಾತ್ರ ತಿರುಗುವುದಿಲ್ಲ. ನಿಧಾನವೆಂದು ಸದರ ಮಾಡಿಕೊಳ್ಳುವಂತಿಲ್ಲ, ತಾಗಿದರೆ ತಾಗಿದ್ದೇ. ಆದ್ದರಿಂದ ಗುಂಡು ಬರುತ್ತಿದ್ದರೆ ಎಲ್ಲರೂ ಒಂದು ಹೆಜ್ಜೆ ಸರಿದು ನಿಂತು, ಅದು ಹೋದ ಮೇಲೆ ಬಿಟ್ಟ ಮಾತು ಮುಂದುವರಿಸುತ್ತಾರೆ.

ಪ್ರತಿ ತಿಂಗಳ ಕಡೆಯ ಭಾನುವಾರ ಕ್ಲಬ್ಬಿನಲ್ಲಿ ಸ್ಪರ್ಧೆ. ನಿಂತಲ್ಲೇ ನಿಂತು ಒಂದು ಕಣ್ಣು ಮುಚ್ಚಿ ಗುರಿಯಿಡುವ ಆಟವಲ್ಲ ಇದು. ಟೈಮರ್ ಬೀಪ್ ಎಂದ ಕೂಡಲೇ ಸ್ಪರ್ಧಿ ಗೆರೆ ದಾಟಿ ಓಡಬೇಕು, ಪ್ಲೈವುಡ್ ಬಾಗಿಲು ತಳ್ಳಬೇಕು, ಡ್ರಮ್ಮಿನ ಹಿಂದೆ ಬಗ್ಗಬೇಕು, ಸುಳ್ಳು ಕಿಟಕಿಯಿಂದ ಇಣುಕಬೇಕು. ಕಂದು ಹಲಗೆಗಳಿಗೆ ಹೊಡೆಯಬೇಕು, ಬಿಳಿಯವಕ್ಕೆ ಹೊಡೆಯಬಾರದು. ಅವು ರಟ್ಟಿನವೇ, ಮರ್ಯಾದೆಗೆ ಹಲಗೆ ಎನ್ನುತ್ತೇವೆ. ಕಡೆಯ ಗುಂಡು ಹಲಗೆ ಮುಟ್ಟಿದಾಗ ಲೆಕ್ಕದ ಸಮಯ ನಿಲ್ಲುತ್ತದೆ. ಹೊಡೆಯುವುದು ಅರ್ಧ ನಿಮಿಷ, ಕಾಯುವುದು ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಸ್ಪರ್ಧಿ ಚಹಾ ಕುಡಿಯುತ್ತಾನೆ. ಅವನ ಕಡೆಯವರು ಗುಂಡಿನ ಪಕ್ಕದಲ್ಲೇ ನಡೆಯುತ್ತಾ “ಹೋಗು ಮರಿ, ಹೋಗು” ಎಂದು ಹುರಿದುಂಬಿಸುತ್ತಾರೆ. ಆತುರದವರಿಗೆ ಈ ಆಟ ಆಗಿಬರುವುದಿಲ್ಲ. ದನದ ಡಾಕ್ಟರ್ ಅಚ್ಚಯ್ಯನವರು ಒಮ್ಮೆ ಜೋರಾಗಿ ಓಡಿ ತಮ್ಮ ಗುಂಡನ್ನು ತಾವೇ ಹಿಂದೆ ಹಾಕಿ, ಅದು ಬಂದು ದಾಟಿಹೋಗುವ ತನಕ ಡ್ರಮ್ಮಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಆ ಸಲ ಅವರಿಗೆ ಕಡೆಯ ಸ್ಥಾನ.

ಕ್ಲಬ್ಬಿನ ಕಾರ್ಯದರ್ಶಿ ಫಕ್ರುದ್ದೀನ್ ಸಾಹೇಬರು. ಕಸುಬಿನಲ್ಲಿ ದರ್ಜಿ, ಸ್ವಭಾವದಲ್ಲಿ ನ್ಯಾಯಾಧೀಶರು. ನಿಯಮದ ಪುಸ್ತಕ ಬರೆದವರು ಅವರೇ. ಅದರ ಒಂಬತ್ತನೆಯ ನಿಯಮ: ಗುಂಡು ದಾರಿಯಲ್ಲಿರುವಾಗ ಗೆರೆಯ ಮುಂದಿನ ಯಾವ ವಸ್ತುವನ್ನೂ ಕದಲಿಸತಕ್ಕದ್ದಲ್ಲ. ಹದಿನೇಳನೆಯದು: ಮೈದಾನ ಬಿಟ್ಟು ಹೋದ ಗುಂಡಿನ ಜೊತೆ ಅದನ್ನು ಹೊಡೆದವರೇ ಹೋಗತಕ್ಕದ್ದು, ಅದು ಯಾರಿಗೂ ಯಾವುದಕ್ಕೂ ತಾಗದಂತೆ ನೋಡಿಕೊಳ್ಳತಕ್ಕದ್ದು. ಹಲಗೆಗಳ ಹಿಂದೆ ಆಳೆತ್ತರದ ಮಣ್ಣಿನ ದಿಬ್ಬವಿದೆ. ಗುರಿ ತಪ್ಪಿದ್ದೆಲ್ಲ ಅಲ್ಲಿ ಹೋಗಿ ಹೂತುಕೊಳ್ಳುತ್ತದೆ. ಹಾಗಾಗಿ ಹದಿನೇಳನೆಯ ನಿಯಮ ಬಳಕೆಗೆ ಬಂದೀತೆಂದು ಬರೆದವರಿಗೂ ಅನ್ನಿಸಿರಲಿಲ್ಲ.

ದಿಬ್ಬದಲ್ಲಿ ಒಂದು ಗೇಟಿದೆ. ಅಂಟಿನ ಪಾತ್ರೆ, ಏಣಿ ತರಲು ಇಟ್ಟದ್ದು. ಸ್ಪರ್ಧೆ ನಡೆಯುವಾಗ ಅಗಳಿ ಹಾಕಬೇಕು. ಹನ್ನೊಂದು ವರ್ಷದ ಹಿಂದೆ ಹಲಗೆಗಳ ತೂತಿಗೆ ಕಾಗದ ಅಂಟಿಸುವ ಕೆಲಸ ನನ್ನದು. ಆ ಗುಂಡು ಹೊರಟ ದಿನ ಅಂಟು ಮರೆತು ಬಂದಿದ್ದೆ. ಓಡಿಹೋಗಿ ತಂದೆ, ಅಗಳಿ ಹಾಕಲಿಲ್ಲ. ನನ್ನ ಗಂಡನ ಸರದಿ ನಡೆಯುತ್ತಿತ್ತು. ಏಳು ಗುಂಡು ತಾಗಿದವು. ಎಂಟನೆಯದು ಐದನೆಯ ಹಲಗೆಯ ಎಡಗಡೆ ಎರಡು ಬೆರಳು ಅಂತರದಲ್ಲಿ ಸರಿದು, ತೆರೆದ ಗೇಟಿನ ಮೂಲಕ ಹೊರಗೆ ಹೋಯಿತು. ಇವರು ಪಿಸ್ತೂಲು ಖಾಲಿ ಮಾಡಿ ತೋರಿಸಿದರು, ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟರು, ನನ್ನ ಕಡೆ ತಿರುಗಿ “ಬರ್ತೀನಿ” ಎಂದರು. ಅಂಗಡಿಗೆ ಹೋಗುವಾಗ ಹೇಳುವ ಹಾಗೆಯೇ ಹೇಳಿದರು. ಸಂಜೆಗೆ ಬರುತ್ತಾರೆಂದು ನಾನು ಸಾರಿಗೆ ಬೇಳೆ ನೆನೆಹಾಕಿದ್ದೆ.

ಅಂದಿನಿಂದ ಆ ಗುಂಡು ದಾರಿಯಲ್ಲೇ ಇತ್ತು. ಆದ್ದರಿಂದ ಮೈದಾನದ ಅರ್ಧ ಭಾಗ ಅಂದು ಹೇಗಿತ್ತೋ ಹಾಗೇ ಉಳಿಯಿತು. ಗೇಟು ಮುಚ್ಚುವಂತಿಲ್ಲ, ಮೇಕೆಗಳು ಬಂದು ಪ್ಲೈವುಡ್ ಬಾಗಿಲು ನೆಕ್ಕಿ ಹೋಗುತ್ತಿದ್ದವು. ಉಳಿದರ್ಧದಲ್ಲಿ ಸ್ಪರ್ಧೆಗಳು ಒತ್ತಿಕೊಂಡು ನಡೆದವು. ಸಾಹೇಬರು ನನ್ನನ್ನು ಸ್ಪರ್ಧೆ ನಡೆಸುವ ರೇಂಜ್ ಆಫೀಸರ್ ಮಾಡಿದರು. “ಸ್ಪರ್ಧೆ ತಪ್ಪಿಸ್ದೆ ಬರೋರು ನೀವೊಬ್ರೇ ವಾರಿಜಮ್ಮ” ಎಂದು ಕಾರಣ ಹೇಳಿದರು. ಮರುಕದಿಂದ ಮಾಡಿದರೆಂದು ನನಗೆ ಗೊತ್ತು. ಆ ಕೆಲಸದಲ್ಲಿ ಒಂದು ಸುಖವಿದೆ. “ತಯಾರಾ?” ಎಂದು ಕೇಳಿದ ಮೇಲೆ ಆಫೀಸರು ತಮಗೆ ಸರಿಕಂಡಾಗ ಟೈಮರ್ ಒತ್ತತಕ್ಕದ್ದು, ಬೀಪ್ ಆಗುವ ತನಕ ಸ್ಪರ್ಧಿ ಆರಂಭದ ಚೌಕ ಬಿಟ್ಟು ಕದಲತಕ್ಕದ್ದಲ್ಲ, ಎಂದು ಪುಸ್ತಕ ಹೇಳುತ್ತದೆ. “ಏನ್ ವಾರಿಜಮ್ಮ, ಗುಂಡಿನಿಂದ ಕಾಗದ ಬಂತಾ?” ಎಂದು ಹಂಗಿಸಿದ ಅಚ್ಚಯ್ಯನವರನ್ನು ಒಂದೂವರೆ ಗಂಟೆ ಕೈ ಮೇಲೆತ್ತಿಸಿ ನಿಲ್ಲಿಸಿದ್ದೆ.

ಈಗ ನನ್ನ ಕಳ್ಳತನದ ವಿಷಯ. ಹಲಗೆ ಕದಲಿಸುವಂತಿಲ್ಲ, ಆದರೆ ಮಳೆಗೆ ನೆಂದರೆ ಮೇಲೊಂದು ಕಾಗದ ಅಂಟಿಸಬಹುದು. ಐದನೆಯ ಹಲಗೆಗೆ ನಾನು ತಿಂಗಳಿಗೊಮ್ಮೆ ಅಂಟಿಸುತ್ತಾ ಬಂದೆ. ಪ್ರತಿ ಸಲವೂ ಕಾಗದ ಎಡಗಡೆಗೆ ಒಂದು ಕೂದಲೆಳೆ ಮಾತ್ರ ಹೆಚ್ಚು ಚಾಚುತ್ತಿತ್ತು. ಹನ್ನೊಂದು ವರ್ಷಕ್ಕೆ ಅದು ಮೂರು ಬೆರಳಾಗಿತ್ತು. ಹೋದ ಗುಂಡು ಅದೇ ದಾರಿಯಲ್ಲಿ ಮತ್ತೆ ಬರುತ್ತದೆಂದು ಯಾರಾದರೂ ಎಣಿಸುತ್ತಾರೆಯೇ? ನಾನು ಎಣಿಸಿದ್ದೆ. ಹೆಂಡತಿಗೆ ಬೇರೆ ಕೆಲಸವೇನಿತ್ತು!

ಸೇತುವೆ ದಾಟುವ ಮೊದಲೇ ಇವರು ಕಂಡರು. ಗಡ್ಡ ಹೊಟ್ಟೆಯ ತನಕ ಬಂದಿತ್ತು. ಕಾಲಿಗೆ ಯಾವುದೋ ದೇಶದ ಮರದ ಚಪ್ಪಲಿ. ಕೈಯಲ್ಲಿ ಕೊಡೆ ಹಿಡಿದಿದ್ದರು, ಗುಂಡಿಗೆ. ತಾವು ಬಿಸಿಲಿನಲ್ಲಿ ನಡೆಯುತ್ತಿದ್ದರು. ನನಗೆ ಹೊಟ್ಟೆ ಉರಿದುಹೋಯಿತು.

“ಬಂದ್ರಾ?” ಎಂದೆ. ಹನ್ನೊಂದು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಸ್ವಲ್ಪ ಈ ಕಡೆ ಬಾ ವಾರಿಜ, ಅದ್ರ ದಾರೀಲಿ ನಿಂತಿದ್ದೀಯ,” ಎಂದರು.

ಆಗ ಎಲ್ಲವೂ ಬಂದವು.

“ಹನ್ನೊಂದು ವರ್ಷ! ಪ್ರಪಂಚದಲ್ಲಿ ನಿಮಗೆ ಒಂದು ಗೋಡೆ ಸಿಗಲಿಲ್ವಾ? ಯಾವ್ದಾದ್ರೂ ಹುಣಸೇಮರಕ್ಕೆ ತಾಗ್ಲಿ ಅಂತ ಬಿಟ್ಟು, ಮನೆಗೆ ಬರೋಕೆ ಆಗ್ತಿರ್ಲಿಲ್ವಾ?”

“ಯಾರಿಗೂ ಯಾವುದಕ್ಕೂ ಅಂತ ಇದ್ಯಲ್ಲ ವಾರಿಜ ಪುಸ್ತಕದಲ್ಲಿ. ಮನೆ ಅಡ್ಡ ಬಂದ್ರೆ ಕಿಟಕಿ ತೆಗೆಸ್ತಿದ್ದೆ. ಕೊಂಬೆ ಬಂದ್ರೆ ಬಗ್ಗಿಸಿ ಹಿಡೀತಿದ್ದೆ. ದೊಡ್ಡ ಮರ ಪುಣ್ಯಕ್ಕೆ ನಾಲ್ಕೇ ಬಂದ್ವು. ಊರೋರ ಕಾಲು ಹಿಡ್ಕೊಂಡು ಕಡಿಸ್ದೆ, ಒಂದಕ್ಕೆ ಹತ್ತು ಸಸಿ ನೆಟ್ಟೆ. ಒಂದು ಕಡೆ ಮದುವೆ ಮಂಟಪಾನೇ ಎರಡು ಮಾರು ಪಕ್ಕಕ್ಕೆ ಇಡಿಸ್ಬೇಕಾಯ್ತು. ಆದ್ರೂ ಪಾಪ, ಊಟ ಹಾಕಿ ಕಳಿಸಿದ್ರು.”

“ನಿದ್ದೆ?”

“ನಾಲ್ಕು ಗಂಟೆ ಮಲಗಿ, ಎದ್ದು ಓಡಿದ್ರೆ ಸಿಗ್ತಿತ್ತು. ದಿನಕ್ಕೆ ಎರಡು ಹರದಾರಿ ಅಷ್ಟೆ ತಾನೆ.”

“ಸಮುದ್ರ?”

“ದೋಣಿಯೋರು ಒಳ್ಳೇ ಜನ.”

ಇಂಥವರ ಹತ್ತಿರ ಏನು ಜಗಳವಾಡುವುದು? ಅವರ ಪಕ್ಕದಲ್ಲಿ ನಾನೂ ನಡೆದೆ. ನಮ್ಮಿಬ್ಬರ ನಡುವೆ ಆ ಗುಂಡು, ಕಡಲೆಕಾಳಿನಷ್ಟು ಗಾತ್ರದ್ದು, ಕೊಡೆಯ ನೆರಳಿನಲ್ಲಿ ತಣ್ಣಗೆ ಹೋಗುತ್ತಿತ್ತು. ಊರಿನವರು ಎರಡೂ ಬದಿಗೆ ಸಾಲಾಗಿ ನಿಂತರು. ಹೋಟೆಲಿನವರು ಬಾಗಿಲಿನ ಮುಂದಿನ ಬೆಂಚು ಎತ್ತಿಕೊಂಡರು. ದೇವೇಂದ್ರ ಬಸ್ಸನ್ನು ಅಲ್ಲೇ ಬಿಟ್ಟು, ಮುಂದೆ ಸೀಟಿ ಊದುತ್ತಾ ದಾರಿ ಬಿಡಿಸಿದ. ಮೈದಾನ ತಲುಪಲು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯಲ್ಲಿ ನಾನು ಹನ್ನೊಂದು ವರ್ಷ ನುಂಗಿಕೊಂಡಿದ್ದ ಮಾತನ್ನು ಹೇಳಿದೆ.

“ಗೇಟು ತೆರೆದು ಬಿಟ್ಟೋಳು ನಾನೇ ಕಣ್ರೀ.”

“ಗೊತ್ತು.”

“ಗೊತ್ತಾ?”

“ನೀನು ಅಂಟಿನ ಪಾತ್ರೆ ಹಿಡ್ಕೊಂಡು ಎದ್ದೂ ಬಿದ್ದೂ ಓಡಿ ಬರ್ತಿದ್ಯಲ್ಲ, ಅದನ್ನೇ ನೋಡ್ತಾ ಇದ್ದೆ. ಅದಕ್ಕೇ ಎಂಟನೇದು ತಪ್ತು.” ಕೊಡೆಯನ್ನು ಗುಂಡಿನ ಮೇಲೆ ಸರಿಮಾಡಿ ಕೇಳಿದರು: “ಈಗ್ಲೂ ತಪ್ಪುತ್ತೆ ಅಲ್ವಾ? ಅದೇ ದಾರಿ. ಎರಡು ಬೆರಳು. ಮತ್ತೆ ಗೇಟಿಂದ ಆಚೆ. ಅಷ್ಟರಲ್ಲಿ ಒಂದು ಲೋಟ ಮಜ್ಜಿಗೆ ಕೊಡ್ತೀಯಾ? ಕುಡ್ಕೊಂಡು ಹೊರಡ್ತೀನಿ.”

ನನಗೆ ಅಳು ಬಂತು. ಅಳುತ್ತಲೇ “ಕೊಡ್ತೀನಿ ನಡೀರಿ” ಎಂದೆ. ಹಲಗೆಯ ವಿಷಯ ಹೇಳಲಿಲ್ಲ.

ಮೈದಾನದಲ್ಲಿ ಫಕ್ರುದ್ದೀನ್ ಸಾಹೇಬರು ಕೋಟು ಹಾಕಿಕೊಂಡು ಕಾಯುತ್ತಿದ್ದರು. ಕೈಯಲ್ಲಿ ಇವರ ಅಂದಿನ ಅಂಕಪಟ್ಟಿ ಇತ್ತು; ಏಳು ಮನೆ ತುಂಬಿತ್ತು, ಎಂಟನೆಯದು ಖಾಲಿ. ಗುಂಡು ಗೆರೆ ದಾಟಿತು. ಪ್ಲೈವುಡ್ ಬಾಗಿಲು ದಾಟಿತು. ನಾಲ್ಕು ನಿಮಿಷ ಜನರೆಲ್ಲ ಅದರ ಪಕ್ಕದಲ್ಲೇ ನಡೆದರು. ಇವರು ಮಾತ್ರ ಕೊಡೆ ಮಡಚಿ, ಗೇಟಿನ ಆಚೆ ದಾರಿಯಲ್ಲಿ ಮೇಕೆಗಳಿವೆಯೇ ಎಂದು ಬಗ್ಗಿ ನೋಡುತ್ತಿದ್ದರು. ಆಗ ಪಟ್ ಎಂದಿತು. ಐದನೆಯ ಹಲಗೆಯ ಎಡ ಅಂಚಿನಲ್ಲಿ, ನೂರಾರು ಪದರ ಮೈದಾ ಅಂಟಿನ ನಡುವೆ, ಗುಂಡು ಸಿಕ್ಕಿಕೊಂಡು ನಿಂತಿತ್ತು.

ಜನ ಕೇಕೆ ಹಾಕಿದರು. ಅಚ್ಚಯ್ಯನವರು ನನ್ನ ಕೈ ಹಿಡಿದು ಕುಲುಕಿದರು. ಸಾಹೇಬರು ಎಂಟನೆಯ ಮನೆಯಲ್ಲಿ ಅಂಕ ಬರೆದು, ಸಮಯದ ಮನೆಯಲ್ಲಿ ಹನ್ನೊಂದು ವರ್ಷ, ಇಷ್ಟು ದಿನ, ಇಷ್ಟು ನಿಮಿಷ ಎಂದು ಚಿಕ್ಕ ಅಕ್ಷರದಲ್ಲಿ ತುರುಕಿದರು. ಅಂದಿನ ಸ್ಪರ್ಧೆಯಲ್ಲಿ ಇವರಿಗೆ ಕಡೆಯ ಸ್ಥಾನ ಎಂದು ಘೋಷಿಸಿದರು. ನನ್ನ ಜನ್ಮದಲ್ಲಿ ಅಷ್ಟು ಸಂತೋಷವಾದದ್ದು ನೆನಪಿಲ್ಲ. ಎಲ್ಲರೂ ನಗುತ್ತಿರುವಾಗ ಇವರು ಹಲಗೆಯ ಹತ್ತಿರ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಅಂಚಿನ ಮೇಲೆ ಬೆರಳಿಟ್ಟು ಅಳೆಯತೊಡಗಿದರು.

“ಸಾಹೇಬ್ರೇ, ಈ ಹಲಗೆ ಅಗಲ ಆಗಿದೆ. ಇದನ್ನ ನಾನು ಒಪ್ಕೊಳ್ಳಲ್ಲ.”

“ಮುಚ್ಚಿ ಬಾಯಿ!” ಎಂದು ನಾನು ಕಿರುಚಿದೆ. ಗಂಡನಿಗೆ ನಾಲ್ಕು ಜನರ ಮುಂದೆ ಹಾಗೆಂದದ್ದು ಅದೇ ಮೊದಲು.

ಸಾಹೇಬರು ನನ್ನ ಮುಖ ನೋಡಿದರು. ಕೊರಳಿನ ಟೇಪು ತೆಗೆಯಲು ಅವರಿಗೆ ಮನಸ್ಸಿರಲಿಲ್ಲ. ಆದರೆ ಸ್ಪರ್ಧಿ ತಕರಾರು ಎತ್ತಿದರೆ ಅಳೆಯಲೇಬೇಕು. ಅಳೆದರು. ಮೂರು ಬೆರಳು ಹೆಚ್ಚು. ಹಲಗೆ ದೋಷದ್ದಾದರೆ ಹೊಡೆತ ಲೆಕ್ಕಕ್ಕಿಲ್ಲ, ಸ್ಪರ್ಧಿ ಮತ್ತೆ ಹೊಡೆಯತಕ್ಕದ್ದು, ಅದೂ ಗೆರೆಯ ಮುಂದಿನದೆಲ್ಲ ಮೊದಲು ಹೇಗಿತ್ತೋ ಹಾಗೇ ಇಟ್ಟುಕೊಂಡು. ಎಂದರೆ, ಹಲಗೆಯನ್ನು ಕತ್ತರಿಸಿ ಸರಿಮಾಡಬೇಕು. ಗೇಟು ತೆರೆದೇ ಇರಬೇಕು.

“ಅಷ್ಟೇ ತಾನೆ, ಹೊಡೀತೀನಿ,” ಎಂದು ಇವರು ಹನ್ನೊಂದು ವರ್ಷ ಮೇಜಿನ ಮೇಲಿದ್ದ ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಂಡರು. ಅದು ಎರಡು ಸುತ್ತು ಬಂತು. ಅವರ ಬಲಗಣ್ಣಿನಲ್ಲಿ ಪೊರೆ ಬಂದಿದ್ದು ನನಗೆ ದಾರಿಯಲ್ಲೇ ಕಂಡಿತ್ತು. ಪಿಸ್ತೂಲಿಗೆ ಎಣ್ಣೆ ಹಾಕುವಾಗ ಶೀಶೆಯ ಬಾಯಿ ಸಿಗದೆ ಮೂರು ಸಲ ತಡಕಾಡಿದರು. ಈ ಮನುಷ್ಯ ಎಂಟೂ ಗುಂಡನ್ನು ಗೇಟಿನಿಂದ ಆಚೆ ಕಳಿಸಿ, ಎಂಟರ ಹಿಂದೆಯೂ ಕೊಡೆ ಹಿಡಿದು ಹೋಗುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಹೋದರೆ ಈ ಸಲ ವಾಪಸ್ಸು ಬರುವಷ್ಟು ಆಯುಸ್ಸು ಇಬ್ಬರಿಗೂ ಇರಲಿಲ್ಲ.

“ಸಾಹೇಬ್ರೇ, ಗೆರೆಯ ಹಿಂದಿನದರ ಬಗ್ಗೆ ಪುಸ್ತಕ ಏನನ್ನತ್ತೆ?” ಎಂದು ಕೇಳಿದೆ.

ಅವರು ಹಾಳೆ ತಿರುವಿದರು. “ಗೆರೆಯ ಹಿಂದೆ ಆರಂಭದ ಚೌಕ ಇರ್ಬೇಕು. ಸ್ಪರ್ಧಿ ಅದರೊಳಗೆ ಇರ್ಬೇಕು.”

“ಚೌಕ ಎಷ್ಟು ದೊಡ್ಡದಿರ್ಬೇಕು?”

ಅವರು ಮತ್ತೆ ಹಾಳೆ ತಿರುವಿದರು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. ಅವರ ಗಡ್ಡದಲ್ಲಿ ನಗು ಸಣ್ಣಗೆ ಹರಿದಾಡಿದ್ದು ನನಗೆ ಕಂಡಿತು.

“ಅಳತೆ ಬರೆಯೋದು ಮರ್ತುಬಿಟ್ಟಿದ್ದೀನಿ ವಾರಿಜಮ್ಮ. ಅದು ಆಫೀಸರ್‌ಗೆ ಬಿಟ್ಟಿದ್ದು.”

ನಾನು ಸುಣ್ಣದ ಪುಡಿಯ ಡಬ್ಬಿ ಎತ್ತಿಕೊಂಡೆ. ಗೆರೆಯ ಎಡತುದಿಯಿಂದ ಹೊರಟು, ಮೈದಾನದ ಬೇಲಿ ದಾಟಿ, ಹೋಟೆಲಿನ ಬೆಂಚನ್ನು ಒಳಗೆ ಸೇರಿಸಿಕೊಂಡು, ಅಚ್ಚಯ್ಯನವರ ಆಸ್ಪತ್ರೆಯ ಪಕ್ಕದಲ್ಲಿ ತಿರುಗಿ, ಎರಡು ರಸ್ತೆ ಹಿಂದಿರುವ ನಮ್ಮ ಮನೆ, ಹಿತ್ತಿಲು, ಬಾವಿ, ಒಗೆಯುವ ಕಲ್ಲು ಎಲ್ಲವನ್ನೂ ಬಳಸಿ, ಗೆರೆಯ ಬಲತುದಿಗೆ ಬಂದು ಮುಟ್ಟಿಸಿದೆ. ಡಬ್ಬಿ ಮೂರು ಸಲ ಖಾಲಿಯಾಯಿತು. ದೇವೇಂದ್ರ ಬಸ್ಸಿನಲ್ಲಿ ಹೋಗಿ ತಂದುಕೊಟ್ಟ. ಸಾಹೇಬರು ಹಿಂದೆಯೇ ನಡೆದು, ಮೂಲೆಗಳು ಚೌಕವಾಗಿವೆಯೇ ಎಂದು ಟೇಪು ಹಿಡಿದು ನೋಡಿದರು. ಆಮೇಲೆ ನಾನು ಇವರ ಮುಂದೆ ಬಂದು ನಿಂತು, ಟೈಮರ್ ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡೆ.

“ಸ್ಪರ್ಧಿ, ತಯಾರಾ?”

“ತಯಾರು,” ಎಂದರು ಚೆಲುವರಾಯರು. ಮಂಡಿ ಬಗ್ಗಿಸಿ, ಕೈ ಸೊಂಟದ ಹತ್ತಿರ ತಂದು, ಬೀಪ್‌ಗೆ ಕಾದರು.

ನಾನು ಟೈಮರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು “ನಡೀರಿ, ಮಜ್ಜಿಗೆ ಕುಡೀರಿ” ಎಂದೆ.

ಇದಾಗಿ ಒಂದು ವರ್ಷವಾಗುತ್ತಾ ಬಂತು. ಇವರು ಚೌಕದೊಳಗೇ ಇದ್ದಾರೆ. ಗಡ್ಡ ಬೋಳಿಸಿದ್ದಾರೆ, ಮೈ ತುಂಬಿಕೊಂಡಿದ್ದಾರೆ, ಬೆಲ್ಟು ಈಗ ಒಂದೇ ಸುತ್ತು ಬರುತ್ತದೆ. ನಾನು ವಾರಕ್ಕೊಮ್ಮೆ ಸುಣ್ಣದ ಗೆರೆ ತಿದ್ದುತ್ತೇನೆ. ಟೈಮರ್ ಅಡುಗೆಮನೆಯ ಗೂಡಿನಲ್ಲಿ, ಸಾರಿನ ಪುಡಿಯ ಡಬ್ಬಿಯ ಪಕ್ಕದಲ್ಲಿದೆ. ಊಟಕ್ಕೆ ಕೂರುವ ಮುಂಚೆ ಇವರು ದಿನಾ ಕೇಳುತ್ತಾರೆ: “ಬೀಪ್ ಆಗ್ಲಿಲ್ವಾ?” ನಾನು “ಆಗತ್ತೆ, ಇರಿ” ಎನ್ನುತ್ತೇನೆ. ನಿಯಮದ ಮನುಷ್ಯ, ಮರುಮಾತಾಡುವುದಿಲ್ಲ. ಆದರೆ ಅವರು ಕೇಳಿದಾಗಲೆಲ್ಲ, ಹೋಗಬೇಕೆಂದು ಕಾಯುತ್ತಿದ್ದಾರೆ, ನಾನು ಕಟ್ಟಿಹಾಕಿದ್ದೇನೆ ಅನ್ನಿಸುತ್ತಿತ್ತು.

ಮೊನ್ನೆ ಬೆಳಿಗ್ಗೆ ಜಗಳವಾಯಿತು. ತಟ್ಟೆಯ ಮುಂದೆ ಕೂತು, “ಸಮುದ್ರದ ಆಚೆ ಒಂದೂರಲ್ಲಿ ಒಬ್ಬಜ್ಜಿ ಸಾರು ಮಾಡಿದ್ಲು ನೋಡು ವಾರಿಜ, ಅಂಥ ಸಾರು…” ಎಂದು ಶುರುಮಾಡಿದರು. ಅದು ಹದಿನಾರನೆಯ ಸಲ. ನನಗೆ ಪಿತ್ತ ನೆತ್ತಿಗೇರಿತು. “ಹಂಗಾದ್ರೆ ಹೋಗಿ, ಅವಳ ಸಾರೇ ತಿನ್ನಿ!” ಎಂದು ಗೂಡಿನಿಂದ ಟೈಮರ್ ಕಿತ್ತುಕೊಂಡು ಒತ್ತಿಯೇ ಬಿಟ್ಟೆ.

ಬೀಪ್ ಆಗಲಿಲ್ಲ.

ಮತ್ತೆ ಒತ್ತುವ ಧೈರ್ಯ ನನಗಿರಲಿಲ್ಲ. ಒಲೆಯ ಪಕ್ಕದಲ್ಲೇ ಕೂತೆ. ಎಂಥ ಕೆಲಸ ಮಾಡಿದೆ ನಾನು! ಇವರು ನನಗೆ ಬೆನ್ನು ಹಾಕಿ ಕೂತಿದ್ದವರು ತಿರುಗಲಿಲ್ಲ. ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ಕೈ ತೊಳೆದು, ಹಿತ್ತಿಲಿಗೆ ಹೋದರು. ನಾನು ಟೈಮರಿನ ಹಿಂದಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ಸೆಲ್ಲೇ ಇರಲಿಲ್ಲ. ಸೆಲ್ಲಿದ್ದ ಜಾಗದಲ್ಲಿ ಧೂಳು ಕೂತಿತ್ತು, ತಿಂಗಳುಗಟ್ಟಲೆಯ ಧೂಳು.

ಆಮೇಲೆ ಬಟ್ಟೆ ಒಗೆಯುವಾಗ ಇವರ ಅಂಗಿಯ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಕರ್ಚೀಫಿನಲ್ಲಿ ಸುತ್ತಿದ ಒಂದು ಸೆಲ್. ಆಫೀಸರರ ಟೈಮರನ್ನು ಮುಟ್ಟಿದ ಸ್ಪರ್ಧಿಯನ್ನು ಜೀವಮಾನವಿಡೀ ಆಟದಿಂದ ಹೊರಗಿಡತಕ್ಕದ್ದು, ಎಂದು ಇಪ್ಪತ್ತೆರಡನೆಯ ನಿಯಮವಿದೆ. ಪುಸ್ತಕ ಬಾಯಿಪಾಠವಿರುವ, ಪ್ರಪಂಚದ ಒಂದು ಗೋಡೆಗೂ ಗುಂಡು ತಾಗಗೊಡದ ಈ ಮನುಷ್ಯನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಒಗೆಯುವ ಕಲ್ಲಿನ ಪಕ್ಕ ಕೂತು ನಾನು ಬಹಳ ಹೊತ್ತು ಅತ್ತೆ, ನಕ್ಕೆ, ಮತ್ತೆ ಅತ್ತೆ. ಅಂಗಿ ಒಣಗಿದ ಮೇಲೆ ಮಡಚಿ, ಸೆಲ್ಲನ್ನು ಅದೇ ಕರ್ಚೀಫಿನಲ್ಲಿ ಅದೇ ಥರ ಸುತ್ತಿ, ಅದೇ ಜೇಬಿನಲ್ಲಿಟ್ಟು, ಜೇಬಿನ ಗುಂಡಿ ಹಾಕಿದೆ.

ಮಧ್ಯಾಹ್ನ ಇವರು ಆ ಅಂಗಿ ತೊಟ್ಟುಕೊಂಡು, ಜೇಬು ಒಮ್ಮೆ ಮುಟ್ಟಿ ನೋಡಿಕೊಂಡು, ಊಟಕ್ಕೆ ಬಂದು ಕೂತರು.

“ಬೀಪ್ ಆಗ್ಲಿಲ್ವಾ?” ಎಂದರು.

“ಆಗತ್ತೆ, ಇರಿ,” ಎಂದು ಸಾರು ಬಡಿಸಿದೆ.